ಹನ್ನೆರಡನೇ ಕುರ್ಚಿಯನ್ನು ಹಿಂಪಡೆದ ಬಗ್ಗೆ

ಕೇಂದ್ರ ಕಚೇರಿ
ದಾಸ್ತಾನು ಮತ್ತು ಶಿಸ್ತು ಶಾಖೆ

ಸಂಖ್ಯೆ: ದಾ.ಶಿ.ಶಾ/ಕುರ್ಚಿ/12–11/ಉಳಿಕೆ 1
ದಿನಾಂಕ: ಶನಿವಾರ, ಕಚೇರಿ ಮುಚ್ಚುವ ಮುನ್ನ

ಸುತ್ತೋಲೆ

ವಿಷಯ: ವ್ಯಸನ ಮತ್ತು ಮಾನಸಿಕ ಆರೋಗ್ಯದ ತೀವ್ರ ಹೊರರೋಗಿ ಚಿಕಿತ್ಸಾ ಘಟಕದಲ್ಲಿ, ಬಾರದೇ ಇದ್ದ ರೋಗಿಯೊಬ್ಬನಿಗಾಗಿ ಖಾಲಿ ಇರಿಸಿದ್ದ ಕುರ್ಚಿ, ಅದರ ಹಿಂಪಡೆಯುವಿಕೆ ಹಾಗೂ ತದನಂತರ ಉಂಟಾದ ಅಶಿಸ್ತಿನ ಬಗ್ಗೆ.

ಉಲ್ಲೇಖ: 1) ದಾಸ್ತಾನು ಪರಿಶೀಲನಾಧಿಕಾರಿಯವರ ವರದಿ (46 ಪುಟ).
2) ಘಟಕದ ಆಪ್ತ ಸಮಾಲೋಚಕಿಯವರ ವಿವರಣೆ (ಅರ್ಧ ಪುಟ, ಚಿಕ್ಕದಾಗಿರುವ ಕಾರಣ ಅತೃಪ್ತಿಕರ).
3) ಗೇಟಿನ ಕಾವಲುಗಾರನ ಬಾಯಿಮಾತು.

ಸಂಬಂಧಪಟ್ಟವರೂ, ತಮಗೆ ಸಂಬಂಧವಿಲ್ಲವೆಂದು ಜಾರಿಕೊಳ್ಳುವವರೂ ಓದಿ ಸಹಿ ಹಾಕತಕ್ಕ ಈ ಸುತ್ತೋಲೆಯಲ್ಲಿ ತಿಳಿಯಪಡಿಸುವುದೇನೆಂದರೆ:

1. ಸದರಿ ಘಟಕದಲ್ಲಿ ಹಾಸಿಗೆಗಳಿರುವುದಿಲ್ಲ. ರೋಗಿಗಳು ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು ಹನ್ನೆರಡಕ್ಕೆ ಎದ್ದು ಹೋಗುತ್ತಾರೆ. ಹನ್ನೆರಡು ವಾರ ಹೀಗೆಯೇ ಬರುತ್ತಾರೆ. ಉಳಿದ ಹೊತ್ತು ತಮ್ಮ ಮನೆಯಲ್ಲೇ ಉಣ್ಣುತ್ತಾರೆ, ಮಲಗುತ್ತಾರೆ. ಕೆಲವರು ಮಧ್ಯಾಹ್ನದ ಪಾಳಿಗೆ ಕೆಲಸಕ್ಕೂ ಹೋಗುತ್ತಾರೆ. ಕುಡಿತ ಬಿಡಬೇಕಾದವರು, ನಿದ್ರೆಮಾತ್ರೆ ಬಿಡಬೇಕಾದವರು, ಬಿಡುವುದಕ್ಕೇನೂ ಇಲ್ಲದೆ ಬರೀ ಮನಸ್ಸು ಕುಸಿದವರು, ಎಲ್ಲರೂ ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಒಬ್ಬನಲ್ಲೇ ಎರಡೂ ತೊಂದರೆ ಇರುವುದು ಸಾಮಾನ್ಯ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ಆಗದು ಎಂದು ಘಟಕದ ವೈದ್ಯರು ಹೇಳುತ್ತಾರೆ. ಕಾಯಿಲೆಯವರು ತಮ್ಮ ಕಾಲ ಮೇಲೆ ನಡೆದು ಬಂದು, ಮಾತಾಡಿ, ನಡೆದೇ ಹೋಗುವುದನ್ನು ಚಿಕಿತ್ಸೆ ಎನ್ನಬಹುದೇ ಎಂಬ ಗುಮಾನಿ ಇಲಾಖೆಗೆ ಮೊದಲಿನಿಂದಲೂ ಇದೆ.

2. ಇಲಾಖೆಯ ನಮೂನೆಯಲ್ಲಿ 'ಹಾಸಿಗೆಗಳ ಸಂಖ್ಯೆ' ಎಂಬ ಕಲಂ ಮಾತ್ರ ಇರುವುದರಿಂದ, ಸದರಿ ಘಟಕದ ಕುರ್ಚಿಗಳನ್ನೇ ಹಾಸಿಗೆಗಳೆಂದು ಪರಿಗಣಿಸಿ ದಾಖಲಿಸಲಾಗಿದೆ. ತದನುಸಾರ ಹನ್ನೆರಡು ಕುರ್ಚಿಗಳಿಗೆ ಹನ್ನೆರಡು ಹೊದಿಕೆ, ಹನ್ನೆರಡು ದಿಂಬುಗಳನ್ನೂ ಮಂಜೂರು ಮಾಡಲಾಗಿತ್ತು. ಘಟಕವು ಇವನ್ನು ಬಳಸದೆ ಕಪಾಟಿನಲ್ಲಿ ಮಡಚಿಟ್ಟಿರುವುದು ಇಲಾಖೆಯ ಔದಾರ್ಯವನ್ನು ಗಾಳಿಗೆ ತೂರಿದಂತಾಗಿದೆ. ಇನ್ನು ಮುಂದೆ ಪ್ರತಿ ರೋಗಿಯೂ ಮಾತಾಡಲು ಬಾಯಿ ತೆರೆಯುವ ಮುನ್ನ ದಿಂಬನ್ನು ಮಡಿಲಲ್ಲಿ ಇರಿಸಿಕೊಂಡಿರತಕ್ಕದ್ದು.

3. ವಾರಕ್ಕೆ 168 ಗಂಟೆಗಳಿದ್ದು, ಕುರ್ಚಿಯೊಂದರಲ್ಲಿ ರೋಗಿಯು ಕೂರುವುದು ಒಂಬತ್ತೇ ಗಂಟೆ. ಅಂದರೆ ಘಟಕದ ಹಾಸಿಗೆಗಳು ಶೇಕಡಾ 5.36ರಷ್ಟು ಮಾತ್ರ ಭರ್ತಿಯಾಗಿವೆ. ರೋಗಿಗಳು ಕುಡಿಯದೆ ಕೆಲಸಕ್ಕೆ ಹೋಗುತ್ತಿರುವುದೇ ಇದಕ್ಕೆ ಕಾರಣವೆಂದು ಘಟಕವು ಸಮಜಾಯಿಷಿ ನೀಡಿದೆ. ಇದನ್ನು ಒಪ್ಪಲಾಗುವುದಿಲ್ಲ. ರೋಗಿಯು ಗುಣವಾಗುವುದಕ್ಕೂ ಕುರ್ಚಿಯನ್ನು ಖಾಲಿ ಬಿಡುವುದಕ್ಕೂ ನಡುವೆ ಸಮತೋಲನ ಕಾಯ್ದುಕೊಳ್ಳತಕ್ಕದ್ದು.

4. ಕುರ್ಚಿಗಳನ್ನು ವೃತ್ತಾಕಾರವಾಗಿ ಇಡಲಾಗಿದ್ದು, ಪರಿಶೀಲನಾಧಿಕಾರಿಯವರಿಗೆ ತಾವು ಎಲ್ಲಿ ಕೂರಬೇಕೆಂಬುದೇ ತಿಳಿಯದೆ ಏಳು ನಿಮಿಷ ಬಾಗಿಲಲ್ಲಿ ನಿಲ್ಲಬೇಕಾಯಿತು. ವೃತ್ತದಲ್ಲಿ ಮೊದಲನೆಯವರು, ಕೊನೆಯವರು ಎಂಬುದು ಇಲ್ಲದಿರುವುದು ಶಿಸ್ತಿನ ಬುಡಕ್ಕೇ ಪೆಟ್ಟು. ಆದ್ದರಿಂದ ಎಲ್ಲಾ ವೃತ್ತಗಳಿಗೂ ಒಂದು ತುದಿ ಇರತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ. ಆ ತುದಿಯಲ್ಲಿ ಹಿರಿಯ ಅಧಿಕಾರಿಯವರು ಕೂರತಕ್ಕದ್ದು.

5. ಕಳೆದ ವಾರದ ಬುಧವಾರ ಅಧಿಕಾರಿಯವರು ಎಣಿಸಿದಾಗ ಕುರ್ಚಿ ಹನ್ನೆರಡು, ಕೂತವರು ಹನ್ನೊಂದು. ಖಾಲಿ ಕುರ್ಚಿಯು ಕಿಟಕಿಯ ಪಕ್ಕದ್ದಾಗಿದ್ದು, ಅದನ್ನು ಯಾರೂ ಪಕ್ಕಕ್ಕೆ ಸರಿಸದೆ, ಅದರ ಮೇಲೆ ಕಾಲನ್ನೂ ಚಾಚದೆ ಬಿಟ್ಟಿದ್ದರು. ವಿಚಾರಿಸಲಾಗಿ, ಅದು ಲೇತ್ ಕೆಲಸಗಾರನೊಬ್ಬನ ಜಾಗವೆಂದೂ, ಆರು ವಾರ ತಪ್ಪದೆ ಬಂದವನು ಏಳನೇ ವಾರದ ಭಾನುವಾರ ಮತ್ತೆ ಕುಡಿದು, ಮುಖ ತೋರಿಸಲಾಗದೆ ಎರಡು ಸಲದಿಂದ ಬಂದಿಲ್ಲವೆಂದೂ ತಿಳಿದುಬಂತು. ಹಾಗೆ ಜಾರಿದವರ ಕುರ್ಚಿಯನ್ನು ಅವರು ಬರುವ ತನಕ ತೆಗೆಯದಿರುವುದು ಆ ಗುಂಪಿನವರು ತಾವೇ ಮಾಡಿಕೊಂಡಿರುವ ರೂಢಿಯಂತೆ. ರೂಢಿಗೆ ಮಂಜೂರಾತಿ ಪಡೆದಿರುವುದಿಲ್ಲ.

6. ಈ ಬಗ್ಗೆ ಆಪ್ತ ಸಮಾಲೋಚಕಿಯವರನ್ನು ಕೇಳಲಾಗಿ, ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಆಗುವಂಥದ್ದೇ, ಆಗ ಚಿಕಿತ್ಸೆಯನ್ನು ಬದಲಿಸಬೇಕೇ ಹೊರತು ಮನುಷ್ಯನನ್ನು ಹೊರಗಟ್ಟಬಾರದು ಎಂದು ಪಾಠ ಹೇಳಲು ಬಂದಿರುತ್ತಾರೆ. ಮುಂದುವರಿದು, "ಅವರು ಬಂದಾಗ ಕುರ್ಚಿ ಹುಡುಕ್ತಾ ನಿಲ್ಲಬಾರದು ಸರ್. ನೇರ ಬಂದು ಕೂತ್ಕೋಬೇಕು" ಎಂದಿರುತ್ತಾರೆ. ಜ್ವರದವನಿಗೆ ಮತ್ತೆ ಜ್ವರ ಬಂದರೆ ಆಸ್ಪತ್ರೆಯಿಂದ ಹೆಸರು ಹೊಡೆಯುತ್ತೀರಾ ಎಂದೂ ಅಧಿಕಾರಿಯವರನ್ನೇ ಮರುಪ್ರಶ್ನೆ ಮಾಡಿರುತ್ತಾರೆ. ಅಧಿಕಾರಿಯವರಿಗೆ ಆ ಕ್ಷಣ ಉತ್ತರ ಹೊಳೆಯದೇ ಇದ್ದುದರಿಂದ ಸದರಿ ಪ್ರಶ್ನೆಯನ್ನು ದುರ್ವರ್ತನೆ ಎಂದು ದಾಖಲಿಸಲಾಗಿದೆ.

7. ಶುಕ್ರವಾರ ಮನೆಯವರು ಬರುವ ದಿನ. ಮನೆಯಲ್ಲಿ ಏನು ಮಾತಾಡಬೇಕು, ಏನು ಮಾತಾಡಬಾರದು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅಂದು ಅವರಿಗೂ ಹೇಳಿಕೊಡಲಾಗುತ್ತದೆ. ಕಳೆದ ವಾರದ ಶುಕ್ರವಾರ ಲೇತ್ ಕೆಲಸಗಾರನು ಬಾರದಿದ್ದರೂ ಅವನ ಅಕ್ಕ ಒಬ್ಬಳೇ ಬಂದು, ಖಾಲಿ ಕುರ್ಚಿಯ ಪಕ್ಕದಲ್ಲಿ ಮಡಚುವ ಸ್ಟೂಲೊಂದರ ಮೇಲೆ ಮೂರು ಗಂಟೆ ಕೂತಿದ್ದು, ತನ್ನ ಕೈಚೀಲವನ್ನು ಅನಧಿಕೃತವಾಗಿ ಇಲಾಖೆಯ ಕುರ್ಚಿಯ ಮೇಲಿಟ್ಟಿರುತ್ತಾಳೆ. ಕುರ್ಚಿಯನ್ನು ತೆಗೆಯಲಾಗುವುದೆಂದು ತಿಳಿಸಿದಾಗ ಆಕೆ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ: "ಅವನು ಗೇಟಿನ ತನಕ ಬರ್ತಾನೆ ಸರ್. ಸೋಮವಾರನೂ ಬಂದಿದ್ದ, ಬುಧವಾರನೂ ಬಂದಿದ್ದ. ಕಿಟಕಿಯಲ್ಲಿ ಕುರ್ಚಿ ಇದೆಯಾ ಅಂತ ನೋಡಿ ವಾಪಸ್ ಹೋಗ್ತಾನೆ. ಇನ್ನೊಂದು ಸಲ ನೋಡಿದ್ರೆ ಒಳಗೆ ಬರ್ತಾನೆ, ನಂಗೊತ್ತು. ಅದೊಂದು ತೆಗೀಬೇಡಿ."

8. ಮೇಲ್ಕಂಡ ಹೇಳಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಕುರ್ಚಿಯು ಕೂರಲು ಬಳಕೆಯಾಗದೆ ನೋಡಲು ಬಳಕೆಯಾಗುತ್ತಿರುವುದು ಆಕೆಯ ಬಾಯಿಂದಲೇ ಸಾಬೀತಾಗಿದೆ. ನೋಡುವ ವಸ್ತುಗಳು ಅಲಂಕಾರಿಕ ಸಾಮಗ್ರಿಯ ವರ್ಗಕ್ಕೆ ಸೇರುತ್ತವೆ. ಚಿಕಿತ್ಸಾ ಘಟಕಗಳಿಗೆ ಅಲಂಕಾರಿಕ ಸಾಮಗ್ರಿ ನೀಡಲು ಅವಕಾಶವಿಲ್ಲ. ಆದ್ದರಿಂದ ಈ ವಾರದ ಸೋಮವಾರ ಬೆಳಿಗ್ಗೆ ಸದರಿ ಕುರ್ಚಿಯನ್ನು ವಶಕ್ಕೆ ಪಡೆದು, ಚೀಟಿ ಅಂಟಿಸಿ, ಉಗ್ರಾಣದಲ್ಲಿರಿಸಿ ಬೀಗ ಹಾಕಲಾಯಿತು. ಅದನ್ನು ಎತ್ತುವಾಗ ನಿವೃತ್ತ ಗಣಿತದ ಮೇಷ್ಟ್ರು (ರೋಗಿ, ಮನಸ್ಸು ಕುಸಿದವರು, ಮೂರು ವಾರದಿಂದ ತುಟಿ ಪಿಟಕ್ಕೆಂದಿರಲಿಲ್ಲ) ಮೊದಲ ಬಾರಿಗೆ ಬಾಯಿಬಿಟ್ಟು, "ಹನ್ನೆರಡರಲ್ಲಿ ಒಂದು ಕಳೆದ್ರೆ ಹನ್ನೊಂದು ಅಂತ ನಿಮಗೆ ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿರುತ್ತಾರೆ. ಲೆಕ್ಕ ಬಾರದವರನ್ನು ಗಣಿತದ ಮೇಷ್ಟ್ರಾಗಿ ನೇಮಿಸಿದವರ ಬಗ್ಗೆ ಪ್ರತ್ಯೇಕ ಪತ್ರ ಬರೆಯಲಾಗುವುದು.

9. ಬುಧವಾರ ನಡೆದದ್ದು ಅತ್ಯಂತ ಖೇದಕರ. ಕಾವಲುಗಾರನ ಪ್ರಕಾರ, ಒಂಬತ್ತೂ ಕಾಲಿಗೆ ಲೇತ್ ಕೆಲಸಗಾರನು ಗೇಟಿಗೆ ಬಂದು, ಕಿಟಕಿಯತ್ತ ಎರಡು ಬಾರಿ ನೋಡಿ, ತಿರುಗಿ ಸೈಕಲ್ ರಿಪೇರಿ ಅಂಗಡಿಯ ತನಕ ನಡೆದು ಹೋಗಿರುತ್ತಾನೆ. ಇಲಾಖೆಯ ಆದೇಶವು ಇಷ್ಟು ಬೇಗ ಪರಿಣಾಮ ಬೀರಿದ್ದು ಇದೇ ಮೊದಲು. ಅಷ್ಟರಲ್ಲಿ ಮೇಷ್ಟ್ರು ಅವನನ್ನು ಕಿಟಕಿಯಿಂದ ಕಂಡು ಎದ್ದು ನಿಂತರು. ಅವರ ಹಿಂದೆಯೇ ಉಳಿದ ಹತ್ತೂ ಜನ ಎದ್ದರು. ಹೀಗೆ ಒಂದೇ ಏಟಿಗೆ ಹನ್ನೊಂದು ಕುರ್ಚಿಗಳೂ ಖಾಲಿಯಾದವು. ಗುಂಪಿನಲ್ಲಿದ್ದ ಟೈಲರ್ ಒಬ್ಬಳು ರಸ್ತೆಗೆ ಓಡಿ ಹೋಗಿ ಅವನ ತೋಳು ಹಿಡಿದು, "ಒಂದು ಯಾಕೆ, ಹನ್ನೊಂದು ಖಾಲಿ ಇದೆ, ಬಾ" ಎಂದು ಕರೆತಂದಿರುತ್ತಾಳೆ. ತೋಳು ಹಿಡಿಯಲು ಅನುಮತಿ ಪಡೆದಿರುವುದಿಲ್ಲ.

10. ಒಳಗೆ ಬಂದವನು ಕೂರಲಿಲ್ಲ. ಅವನು ಕೂರದಿದ್ದುದರಿಂದ ಬೇರೆ ಯಾರೂ ಕೂರಲಿಲ್ಲ. ಆಪ್ತ ಸಮಾಲೋಚಕಿಯವರೂ ನಿಂತರು. ಹನ್ನೆರಡು ಗಂಟೆಯ ತನಕ ಇಡೀ ಗುಂಪು ನಿಂತೇ ಇತ್ತು. ಅವನು ನಿಂತಲ್ಲಿಂದಲೇ, "ಹತ್ತು ದಿನ ಕುಡಿದೆ. ಇವತ್ತು ಕುಡಿದಿಲ್ಲ" ಎಂದಷ್ಟೇ ಹೇಳಿರುತ್ತಾನೆ. ನಮೂನೆಯಲ್ಲಿ 'ಕುಳಿತು ನೀಡಿದ ಹೇಳಿಕೆ' ಎಂಬ ಕಲಂ ಮಾತ್ರ ಇರುವುದರಿಂದ, ನಿಂತು ನೀಡಿದ ಸದರಿ ಹೇಳಿಕೆಯನ್ನು ದಾಖಲಿಸಲಾಗಿಲ್ಲ. ಇಲಾಖೆಯ ಮಟ್ಟಿಗೆ ಅವನು ಇನ್ನೂ ಕುಡಿಯುತ್ತಲೇ ಇದ್ದಾನೆ. ಅಂದೇ ವೈದ್ಯರು ಅವನ ಮೂತ್ರ ಪರೀಕ್ಷೆ ಮಾಡಿಸಿ, ಮಾತ್ರೆ ಬದಲಿಸಿ, ವಾರಕ್ಕೆ ಮೂರರ ಬದಲು ನಾಲ್ಕು ದಿನ ಬರಲು ಹೇಳಿರುತ್ತಾರೆ. ತಪ್ಪು ಮಾಡಿದವನಿಗೆ ಒಂದು ದಿನ ಹೆಚ್ಚಿಗೆ ಕೊಡುವ ಪದ್ಧತಿಯನ್ನು ಇಲಾಖೆಯು ಎಲ್ಲೂ ಕಂಡಿಲ್ಲ, ಕೇಳಿಲ್ಲ.

11. ಎರಡೂ ಮುಕ್ಕಾಲು ಗಂಟೆಗಳ ಕಾಲ ಹನ್ನೊಂದು ಕುರ್ಚಿಗಳಲ್ಲಿ ಒಬ್ಬರೂ ಕೂರದಿರುವುದರಿಂದ, ಅವು ಹನ್ನೊಂದೂ ಹೆಚ್ಚುವರಿ ಎಂದು ಘಟಕವೇ ತೋರಿಸಿಕೊಟ್ಟಂತಾಗಿದೆ. ಗುರುವಾರ ಅವನ್ನೂ ಹಿಂಪಡೆಯಲಾಯಿತು. ಇದರಿಂದ ಘಟಕದ ಕುರ್ಚಿ ಸಮಸ್ಯೆಯು ಶಾಶ್ವತವಾಗಿ ಬಗೆಹರಿದಿದ್ದು, ಇಲಾಖೆಯು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತದೆ.

12. ಇನ್ನು ಮುಂದೆ ಪಾಲಿಸತಕ್ಕ ನಿಯಮಗಳು:

(ಅ) ಮತ್ತೆ ಕುಡಿಯಲು ಇಚ್ಛಿಸುವ ರೋಗಿಯು ಹದಿನೈದು ದಿನ ಮುಂಚಿತವಾಗಿ ಲಿಖಿತ ನೋಟಿಸ್ ನೀಡತಕ್ಕದ್ದು. ಅಷ್ಟರೊಳಗೆ ಇಲಾಖೆಯು ಅವನ ಕುರ್ಚಿಯನ್ನು ಎತ್ತಿಸಲು ವ್ಯವಸ್ಥೆ ಮಾಡುವುದು.

(ಆ) ಅಳುವವರು ಕೊನೆಯ ಹತ್ತು ನಿಮಿಷದಲ್ಲಿ ಒಟ್ಟಾಗಿ ಅಳತಕ್ಕದ್ದು.

(ಇ) ಗೇಟಿನಿಂದ ಕಿಟಕಿಯ ಒಳಗೆ ನೋಡುವುದನ್ನು ಹೊರರೋಗಿ ಭೇಟಿ ಎಂದು ಪರಿಗಣಿಸಲಾಗುವುದಿಲ್ಲ. ಕಾವಲುಗಾರನು ಕಿಟಕಿಯನ್ನೂ ನೋಡುವವನನ್ನೂ ಒಂದೇ ವೇಳೆಗೆ ಕಾಯತಕ್ಕದ್ದು.

(ಈ) ಬಾರದೇ ಇರುವವನನ್ನು ಕಾಯುವುದಾದಲ್ಲಿ, ಕಾಯುವವರು ತಮ್ಮ ಸ್ವಂತ ಕುರ್ಚಿಯಲ್ಲಿ ಕಾಯತಕ್ಕದ್ದು.

(ಉ) ಒಬ್ಬರನ್ನು ಕಂಡು ಹನ್ನೊಂದು ಜನ ಏಳಕೂಡದು. ಏಳಲೇಬೇಕಾದಲ್ಲಿ ಸರದಿಯ ಪ್ರಕಾರ ಏಳತಕ್ಕದ್ದು.

13. ನಿನ್ನೆ ಶುಕ್ರವಾರ ಸದರಿ ಗುಂಪು ಮನೆಯವರ ಸಮೇತ ನೆಲದ ಮೇಲೆ ಕೂತು ತನ್ನ ಮಾತುಕತೆ ನಡೆಸಿದೆ ಎಂಬುದು ಈಗ ತಾನೇ ಕಿವಿಗೆ ಬಿದ್ದಿದೆ. ನೆಲದ ಮೇಲೂ ವೃತ್ತಾಕಾರವಾಗಿಯೇ ಕೂತಿದ್ದರಂತೆ. ನೆಲಕ್ಕೆ ದಾಸ್ತಾನು ಚೀಟಿ ಅಂಟಿಸಿರದ ಕಾರಣ ಅದನ್ನು ಹಿಂಪಡೆಯುವುದು ಹೇಗೆಂಬುದರ ಬಗ್ಗೆ ಮೇಲಧಿಕಾರಿಗಳ ಸಲಹೆ ಕೋರಲಾಗಿದೆ. ಇಲಾಖೆಗೆ ಇದರಿಂದ ಮನಸ್ಸಿಗೆ ನೋವಾಗಿದೆ. ಮನಸ್ಸಿನ ನೋವಿಗೆ ಎಲ್ಲಿಗೆ ಹೋಗಬೇಕೆಂಬುದು ಸದರಿ ಶಾಖೆಗೆ ತಿಳಿದಿರುವುದಿಲ್ಲ.

ಇದನ್ನು ತಪ್ಪಿ ನಡೆದವರು ತಮ್ಮ ತಪ್ಪಿಗೆ ತಾವೇ ನಮೂನೆ ತುಂಬತಕ್ಕದ್ದು.

(ಸಹಿ ಇದೆ, ಓದಲಾಗುವುದಿಲ್ಲ)
ಪ್ರಭಾರ ಉಪನಿರ್ದೇಶಕರು
ದಾಸ್ತಾನು ಮತ್ತು ಶಿಸ್ತು ಶಾಖೆ

ಪ್ರತಿಗಳು:

1. ದಾಸ್ತಾನು ಪರಿಶೀಲನಾಧಿಕಾರಿಯವರಿಗೆ – ಮೆಚ್ಚುಗೆಯೊಂದಿಗೆ. ಏಳು ನಿಮಿಷ ನಿಂತದ್ದಕ್ಕಾಗಿ ಒಂದು ದಿನದ ವಿಶ್ರಾಂತಿ ರಜೆ ಮಂಜೂರಾಗಿದೆ.

2. ಉಗ್ರಾಣ ಪಾಲಕರಿಗೆ – ಹನ್ನೆರಡೂ ಕುರ್ಚಿಗಳು ಈಗ ಒಂದೇ ಕಡೆ ಇರುವುದರಿಂದ, ಅವನ್ನು ಯಾವುದೇ ಕಾರಣಕ್ಕೂ ವೃತ್ತಾಕಾರವಾಗಿ ಇಡಕೂಡದು.

3. ಘಟಕದ ವೈದ್ಯರಿಗೆ – ಹೊದಿಕೆ ಮತ್ತು ದಿಂಬುಗಳ ಬಳಕೆಯ ವರದಿಗಾಗಿ.

4. ಆಪ್ತ ಸಮಾಲೋಚಕಿಯವರಿಗೆ – ಎರಡೂ ಮುಕ್ಕಾಲು ಗಂಟೆ ನಿಂತದ್ದು ಏಕೆ ಎಂಬುದಕ್ಕೆ ಕುಳಿತು ಉತ್ತರ ಬರೆಯಲು. ಎಲ್ಲಿ ಕುಳಿತು ಎಂಬುದನ್ನೂ ತಿಳಿಸತಕ್ಕದ್ದು.

5. ನಿವೃತ್ತ ಗಣಿತದ ಮೇಷ್ಟ್ರಿಗೆ – ಅವರು ಶುಕ್ರವಾರ ಮೂರು ಗಂಟೆಯಲ್ಲಿ ಎರಡು ಗಂಟೆ ತಾವೊಬ್ಬರೇ ಮಾತಾಡಿರುವುದಾಗಿ ತಿಳಿದುಬಂದಿದ್ದು, ಎಚ್ಚರಿಕೆಗಾಗಿ.

6. ಗೇಟಿನ ಕಾವಲುಗಾರನಿಗೆ – ಓದಿ ಹೇಳತಕ್ಕದ್ದು.

7. ಕಡತಕ್ಕೆ.

8. ಲೇತ್ ಕೆಲಸಗಾರನ ಅಕ್ಕನಿಗೆ – ಇದರ ಕರಡು ಪ್ರತಿಯನ್ನು ಶುಕ್ರವಾರ ಬೆಳಿಗ್ಗೆಯೇ ಆಕೆಯ ಮನೆಗೆ ಕಳುಹಿಸಲಾಗಿ, ಬಾಗಿಲಿಗೆ ಬೀಗ ಹಾಕಿದ್ದುದರಿಂದ ವಾಪಸ್ ಬಂದಿರುತ್ತದೆ. 'ಇಬ್ಬರೂ ಒಟ್ಟಿಗೆ ಹೊರಟರು' ಎಂದು ಪಕ್ಕದ ಮನೆಯವರು ಲಕೋಟೆಯ ಮೇಲೆ ಬರೆದು ಕೊಟ್ಟಿರುತ್ತಾರೆ.

9. ಲೇತ್ ಕೆಲಸಗಾರನಿಗೆ – ವಿಳಾಸ: ತೀವ್ರ ಹೊರರೋಗಿ ಚಿಕಿತ್ಸಾ ಘಟಕ, ಕಿಟಕಿಯ ಪಕ್ಕ, ನೆಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲೇ ಕೂತಿರುವುದಾಗಿ ಅವನೇ ಹೇಳಿರುವುದರಿಂದ, ಖುದ್ದಾಗಿ ಕೈಗೆ ಕೊಡತಕ್ಕದ್ದು.