ಎಡದ ಮೇಲೊಂದು ಅನುಮಾನ

ನನಗೆ ಅನುಮಾನ ಜಾಸ್ತಿ. ಪೀಣ್ಯದ ಗೇರ್ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೂತವನಿಗೆ ಅದು ಅನ್ನ ಹಾಕುವ ವಿದ್ಯೆ. ಪೆಟ್ಟಿಗೆಯ ಮೇಲೆ ‘ಬೋಲ್ಟ್’ ಎಂದು ಬರೆದಿದ್ದರೆ ಸಾಲದು, ಬಿಚ್ಚಿ ನೋಡಿದ ಮೇಲೇ ನಾನು ಒಳಗೆ ಬಿಡುವುದು. ಪದಗಳ ವಿಷಯದಲ್ಲೂ ಹಾಗೆಯೇ. ಇತ್ತೀಚೆಗೆ ನನ್ನ ಕಣ್ಣಿಗೆ ಬಿದ್ದ ಅನುಮಾನದ ಸರಕೆಂದರೆ ‘ಎಡ’. ಇದರ ಜೋಡಿ ‘ಬಲ’ವನ್ನು ನೋಡಿ, ದಿಕ್ಕೂ ಅದೇ, ಶಕ್ತಿಯೂ ಅದೇ. ಹೊಸ ಮನೆಗೆ ಬಲಗಾಲಿಟ್ಟು ಬರಬೇಕು, ಗುಡಿಯನ್ನು ಬಲಕ್ಕೇ ಸುತ್ತಬೇಕು. ಎಡದ ಪಾಲಿಗೆ ಉಳಿದದ್ದೇನು? ಎಡವುವುದು, ಎಡವಟ್ಟು, ಎಡಬಿಡಂಗಿ. ಯಾರೋ ಬಲಗೈಯವರು ಕೂತು ಬೇಕೆಂದೇ ಹಂಚಿಬಿಟ್ಟಂತಿದೆ.

ನಾನು ಹೀಗೆ ಪದಗಳ ಬೆನ್ನು ಹತ್ತಿದ್ದಕ್ಕೆ ಮನೆಯ ಕಾರಣವಿದೆ. ನನ್ನ ಮಗಳು ಸುಮಾ ಬರೆಯುವುದು, ತರಕಾರಿ ಹೆಚ್ಚುವುದು, ಬಡಿಸುವುದು ಎಲ್ಲವೂ ಎಡಗೈಯಲ್ಲಿ. ಇಪ್ಪತ್ತಾರು ವರ್ಷ ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಈಗ ಜಿಗಣಿಯಿಂದ ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಹುಡುಗನ ಹೆಸರು ಪ್ರಕಾಶ. ನೆಂಟರ ಮದುವೆಯೊಂದರಲ್ಲಿ ಸುಮಾ ಅವನೊಡನೆ ಮಾತಾಡಿದ್ದಳು, ಅವನು ಹಿಡಿಸಿದ್ದಾನೆಂದು ತಾಯಿಯ ಹತ್ತಿರ ಬಾಯಿ ಬಿಟ್ಟು ಹೇಳಿಯೂ ಇದ್ದಳು. ಅಂಥ ಮಾತು ಆಡುವ ಹುಡುಗಿಯಲ್ಲ ಅವಳು. ಹಾಗಾಗಿ ಈ ಸಂಬಂಧ ತಪ್ಪಬಾರದೆಂಬುದೇ ನನ್ನ ಚಿಂತೆ. ಅದರ ಮೇಲೆ ನಮ್ಮ ಸರೋಜಕ್ಕ ಬಂದು ಬೆಂಕಿಗೆ ತುಪ್ಪ ಸುರಿದಳು. “ನೋಡೋ, ಅವ್ರು ಹಳೇ ಕಾಲದ ಜನ. ಹುಡ್ಗಿ ಎಡಗೈಲಿ ಕಾಫಿ ಕೊಟ್ಲು ಅಂದ್ರೆ ಅಲ್ಲಿಗೆ ಮುಗೀತು ಅಂತ ತಿಳ್ಕೋ.”

ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಮಾಲೀಕರಿದ್ದಾರೆ, ನಿವೃತ್ತ ಕನ್ನಡ ಮೇಷ್ಟ್ರು. ಅವರನ್ನೇ ಹೋಗಿ ಕೇಳಿದೆ. “ಮೇಷ್ಟ್ರೇ, ಈ ಎಡ ಅನ್ನೋದು ಹುಟ್ಟಿದಾಗ್ಲೇ ಕೆಟ್ಟದ್ದಾ?” ಅವರು ಚಹಾ ಹೀರುತ್ತಾ ಹೇಳಿದರು: “ಯಾರ್ರೀ ಹೇಳಿದ್ದು? ತಮಿಳಲ್ಲಿ ‘ಇಡಂ’ ಅಂದ್ರೆ ಎಡಾನೂ ಹೌದು, ಜಾಗಾನೂ ಹೌದು. ನಮ್ಮಲ್ಲೂ ‘ಎಡೆ’ ಅಂದ್ರೆ ಜಾಗ, ದೇವರ ಮುಂದೆ ಇಡೋ ನೈವೇದ್ಯಾನೂ ಎಡೆನೇ. ಎಡವಟ್ಟು, ಎಡಬಿಡಂಗಿ ಎಲ್ಲಾ ಇದರ ಮಕ್ಕಳೇ ಅಂತ ಆಣೆ ಮಾಡಿ ಹೇಳೋಕಾಗಲ್ಲ ಕಣ್ರೀ. ಮುಖ ಹೋಲುತ್ತೆ ಅಂತ ನೆಂಟಸ್ತನ ಕಟ್ಟಬಾರದು.” ಎಡದ ಪರ ಇವರಿಗೇಕೆ ಇಷ್ಟು ವಕಾಲತ್ತು ಎಂದು ನನಗೆ ಅನುಮಾನವಾಯಿತು. ಲೋಟ ಯಾವ ಕೈಯಲ್ಲಿದೆ ಎಂದು ನೋಡಿದೆ. ಬಲಗೈಯಲ್ಲಿತ್ತು. ನನ್ನನ್ನು ಕಂಡು ಬದಲಾಯಿಸಿಕೊಂಡಿರಲೂಬಹುದು.

ಕೊನೆಗೆ ಅಭ್ಯಾಸ ಮಾಡಿಸುವುದೇ ಸರಿ ಎಂದು ತೀರ್ಮಾನವಾಯಿತು. ಒಂದು ವಾರ, ಬೆಳಿಗ್ಗೆ ಸಂಜೆ, ಲೋಟಕ್ಕೆ ನೀರು ತುಂಬಿ ತಟ್ಟೆಯಲ್ಲಿಟ್ಟುಕೊಂಡು ಅಪ್ಪ ಮಗಳು ಎದುರುಬದುರು ಕೂತೆವು. ನಾನು ಬಲಗೈ ಚಾಚಿ ತೋರಿಸಿದರೆ ಸುಮಾ ತನ್ನ ಎಡಗೈ ಚಾಚುವಳು. “ಅಪ್ಪಾ, ನನ್ನ ಎದುರಿಗೆ ಅದು ಎಡಗಡೆಗೇ ಬರುತ್ತೆ. ನೀನು ಕನ್ನಡಿ ಥರ ಮಾಡು” ಎಂದಳು. ಹಾಗೆಯೇ ಮಾಡಿದೆ. ನಾನು ಎಡಗೈಯಲ್ಲಿ ಕೊಟ್ಟೆ, ಅವಳು ಬಲಗೈಯಲ್ಲಿ ಕೊಟ್ಟಳು. ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಿಂದ ಇಣುಕಿ, “ಇಬ್ರಲ್ಲಿ ಕಲೀತಿರೋದು ಯಾರು?” ಎಂದಳು. ಆಗ ಅದು ಬರೀ ಕೊಂಕು ಎಂದುಕೊಂಡೆ.

ಭಾನುವಾರ ಅವರು ಬಂದರು. ಪ್ರಕಾಶ, ಅವನ ತಂದೆ, ತಾಯಿ ಜಯಮ್ಮ. ನಾನು ಬೋಲ್ಟ್ ಪೆಟ್ಟಿಗೆ ನೋಡುವ ಕಣ್ಣಿನಲ್ಲೇ ಅವರನ್ನು ನೋಡಿದೆ. ಹುಡುಗ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಾನೆ, ಏಕೆ? ಜಯಮ್ಮ ಸುಮಾಳ ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದಾರೆ, ಯಾರಾದರೂ ಚಾಡಿ ಹೇಳಿರಬಹುದೆ? ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಸುಮಾ ನಿಧಾನವಾಗಿ ಬಂದು, ಒಂದು ಹನಿಯೂ ಚೆಲ್ಲದಂತೆ, ಬಲಗೈಯಲ್ಲೇ ಎಲ್ಲರಿಗೂ ಕಾಫಿ ಕೊಟ್ಟಳು. ನನಗೆ ಹೋದ ಜೀವ ಬಂದಂತಾಯಿತು.

ಹೊರಡುವ ಹೊತ್ತಿಗೆ ಗಿರಿಜಾ ಎಲೆ ಅಡಿಕೆಯ ತಟ್ಟೆಯನ್ನು ನನ್ನ ಮುಂದಿಟ್ಟಳು. ಹುಡುಗನ ತಂದೆ ಎದುರಿಗೆ ನಿಂತು ಬಲಗೈ ಚಾಚಿದರು. ವಾರದ ಅಭ್ಯಾಸ ನೋಡಿ, ಎದುರಿಗೆ ಬಲಗೈ ಕಂಡದ್ದೇ ತಡ, ನನ್ನ ಎಡಗೈ ತಟ್ಟೆ ಎತ್ತಿ ಠೀವಿಯಿಂದ ಅವರ ಮುಂದೆ ಹಿಡಿಯಿತು. ಅವರ ಕೈ ಅಲ್ಲೇ ನಿಂತಿತು. ಬೆಳಿಗ್ಗೆಯೇ ಬಂದು ಕೂತಿದ್ದ ಸರೋಜಕ್ಕ “ಅಯ್ಯೋ!” ಎಂದಳು.

“ಇದೇನ್ ಯಜಮಾನ್ರೇ, ಇಂಗೆ ಎಡಗೈಲಿ ಕೊಡ್ತೀರಾ? ನಮ್ಮನ್ನ ಸಾಗಾಕಕ್ಕಾ?” ಎಂದರು ಜಯಮ್ಮ.

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಸುಮಾ ಮುಂದೆ ಬಂದಳು. “ಅಪ್ಪಂದು ತಪ್ಪಿಲ್ಲ ಅಮ್ಮಾ. ಎಡಗೈ ಅಭ್ಯಾಸ ನಂದು. ನಿಮ್ಗೆ ಗೊತ್ತಾಗ್ದೆ ಇರ್ಲಿ ಅಂತ ನಂಗೆ ಕಲ್ಸೋಕೆ ಹೋಗಿ ಅವ್ರು ಕಲ್ತ್‌ಬಿಟ್ರು.” ಕನ್ನಡಿಯ ಕಥೆಯನ್ನೂ ಹೇಳಿಬಿಟ್ಟಳು.

ಮೊದಲು ನಕ್ಕವನು ಪ್ರಕಾಶ. “ನಂಗೆ ಗೊತ್ತಿತ್ತಮ್ಮಾ. ಆ ಮದ್ವೇಲಿ ಎಡಗೈಲಿ ಪಾಯಸ ಬಡಿಸ್ತಾ ಇದ್ರು, ನೋಡಿದ್ದೆ.”

“ಗೊತ್ತಿದ್ದೂ ನಂಗ್ಯಾಕ್ಲಾ ಏಳ್ನಿಲ್ಲ?”

“ನಂಗದು ಹೇಳೋ ವಿಷ್ಯ ಅನ್ನಿಸ್ಲಿಲ್ಲ.”

ಜಯಮ್ಮ ಮಗನ ಮುಖವನ್ನೂ ಸುಮಾಳ ಮುಖವನ್ನೂ ಒಮ್ಮೆ ನೋಡಿದರು. ಆಮೇಲೆ ಮತ್ತೆ ಕುರ್ಚಿಯಲ್ಲಿ ಕೂತರು. “ಓಗವ್ವಾ, ಇನ್ನೊಂದ್ ಲೋಟ ಕಾಫಿ ತತ್ತಾ. ನಿಂಗೆ ಯಾವ ಕೈ ಬತ್ತದೋ ಅದ್ರಲ್ಲೇ ತಾ, ಬಿಸಿಯಾಗಿದ್ರೆ ಸಾಕು. ಆಗ್ಲೇದು ನೀನು ಬರೋವಷ್ಟರಲ್ಲಿ ಆರೋಗಿತ್ತು.”

ಮದುವೆ ಗೊತ್ತಾಯಿತು. ಧಾರೆಯಾದ ಮೇಲೆ ಹೆಣ್ಣು ಕೂರುವ ಜಾಗ ಗಂಡಿನ ಎಡಕ್ಕೇ ಅಲ್ಲವೇ ಎಂದು ಮೇಷ್ಟ್ರು ಗೆದ್ದವರಂತೆ ನೆನಪಿಸಿದರು. ಈಗ ಬೀಗರು ಬಂದಾಗ ಯಾರೂ ಸುಮಾಳ ಕೈ ನೋಡುವುದಿಲ್ಲ, ನನ್ನದನ್ನು ನೋಡುತ್ತಾರೆ. ನಿಶ್ಚಿತಾರ್ಥದಲ್ಲಿ ನಾನು ತಟ್ಟೆಗೆ ಕೈ ಹಾಕಿದ್ದೇ ತಡ, “ನೀವ್ ಸುಮ್ಕೆ ಕೂತ್ಕಳಿ ಬೀಗ್ರೇ” ಎಂದು ಜಯಮ್ಮ ಕಿತ್ತುಕೊಂಡರು. ಆದರೆ ಧಾರೆ ಎರೆಯುವುದಕ್ಕೆ ಹುಡುಗಿಯ ಅಪ್ಪನೇ ಬೇಕಲ್ಲ! ಅದಕ್ಕೇ ದಿನವೂ ಚೊಂಬು ಹಿಡಿದು ಅಭ್ಯಾಸ ಮಾಡುತ್ತಿದ್ದೇನೆ. ಎದುರಿಗೆ ಕೂತು ಕಲಿಸುವವಳು ಸುಮಾ. ಅವಳು ಕನ್ನಡಿಯಂತೆ ಮಾಡುತ್ತಿದ್ದಾಳೋ, ಸುಮ್ಮನೆ ತನ್ನ ಎಡಗೈಯಲ್ಲಿ ಮಾಡುತ್ತಿದ್ದಾಳೋ ಎಂದು ಈಗ ನನಗೊಂದು ಅನುಮಾನ.