ಜಂತಿಯ ಕೆಳಗೊಂದು ಜಿಪ್ಸಮ್ ಬೋರ್ಡು

ಯಾವ ಕೆಲಸಕ್ಕೂ ನಾನು ಯಾರ ಸಲಹೆಯನ್ನೂ ಕೇಳುವವನಲ್ಲ. ಇದನ್ನು ನನ್ನ ಹೆಂಡತಿ ಅಹಂಕಾರ ಎನ್ನುತ್ತಾಳೆ, ನಾನು ಆತ್ಮವಿಶ್ವಾಸ ಎನ್ನುತ್ತೇನೆ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವನು ನಾನು. ಬೀಜ ಮಣ್ಣಿಗೆ ಬೀಳುವ ಮೊದಲೇ ಬೆಳೆಯ ಭರವಸೆ ಕೊಟ್ಟು ರೂಢಿಯಾದವನು ಒಂದು ಮಾಳಿಗೆಗೆ ಹೆದರುತ್ತೇನೆಯೇ? ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ಮನೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಆ ಮಣ್ಣಿಗೆ ಮೇಲೆಯೇ ಇರಬೇಕೆಂಬ ಹಟವೇನೂ ಇಲ್ಲ. ಒಮ್ಮೆ ಬ್ಯಾಡಗಿಯ ಬೀಗರ ಮಂಡಕ್ಕಿ ತಟ್ಟೆಗೆ ಉದುರಿತು. ಅವರು ಪಾಪ, ಪುಟಾಣಿ ಹಿಟ್ಟೆಂದು ತಿಳಿದು ಕಲಸಿಕೊಂಡು ತಿಂದರು. ಎರಡನೆಯ ತುತ್ತಿಗೆ ಅವರ ಮುಖ ನೋಡಲಾಗಲಿಲ್ಲ. ಜಂತಿಯ ಕೆಳಗೆ ಜಿಪ್ಸಮ್ ಬೋರ್ಡು ಹೊಡೆಸುವುದೆಂದು ಅಂದೇ ತೀರ್ಮಾನಿಸಿದೆ.

ಇಲ್ಲಿ ನಮ್ಮಣ್ಣನ ವಿಷಯ ಹೇಳಬೇಕು. ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತು. ಆಚೆ ಅಣ್ಣ, ಈಚೆ ನಾನು. ಅವ್ವನ ತಾಮ್ರದ ಹಂಡೆ ಅವನ ಕಡೆ ಹೋಯಿತು, ನಮ್ಮಿಬ್ಬರ ಮಾತು ನಿಂತಿತು. ಆದರೆ ಗೋಡೆ ಪೂರ್ತಿ ಮೇಲಕ್ಕೆ ಹೋಗಿರಲಿಲ್ಲ. ಜಂತಿಯ ಕೆಳಗೆ ಗೇಣುದ್ದ ಸಂದು ಉಳಿದಿತ್ತು. ನಮ್ಮ ಸಂಬಂಧವೆಲ್ಲ ಆ ಸಂದಿಯಲ್ಲೇ ನಡೆಯುತ್ತಿತ್ತು. ಮಾತಾಡುತ್ತಿರಲಿಲ್ಲ, ತಂತಮ್ಮ ಹೆಂಡಿರಿಗೆ ಗಟ್ಟಿಯಾಗಿ ಹೇಳುತ್ತಿದ್ದೆವು, ಅಷ್ಟೇ. "ಕೇಳಿದೇನ, ನಳದಾಗ ನೀರು ಬಂದಾವು!" ಎಂದು ಅಣ್ಣ ವೈನಿಗೆ ಕೂಗಿದರೆ ನಮ್ಮ ಮನೆಯ ಕೊಡಗಳು ಓಡುತ್ತಿದ್ದವು. "ಕರೆಂಟ್ ಹೋಗತೈತಂತ, ಲಗೂ ರುಬ್ಬಿಕೋ!" ಎಂದು ನಾನು ನನ್ನವಳಿಗೆ ಒದರಿದರೆ ಆಚೆ ಮಿಕ್ಸರ್ ಗರ್ರೆನ್ನುತ್ತಿತ್ತು. ಬೆಳಗಾದರೆ ಅವನು ಬಚ್ಚಲಲ್ಲಿ ಗಂಟಲು ಕೆರೆದು ಕೆಮ್ಮುತ್ತಿದ್ದ. ಅದನ್ನು ಬೈಯುತ್ತಲೇ ನಾನು ಏಳುತ್ತಿದ್ದೆ.

ಹಾವೇರಿಯಿಂದ ಬೋರ್ಡಿನ ಕೆಲಸದ ರಫೀಕ ಬಂದ. ಸಂದು ತೋರಿಸಿ, "ಇದನ್ನ ಬಿಡೂದೋ ಮುಚ್ಚೂದೋ, ಸಾವಕಾರ್ರ?" ಎಂದ.

"ಇರ್ಲಿ ಬಿಡ್ರಿ, ಗಾಳಿ ಆಡತೈತಿ," ಎಂದಳು ನನ್ನ ಹೆಂಡತಿ.

"ಬರೋಬ್ಬರಿ ಮುಚ್ಚಪಾ. ಆ ಕೆಮ್ಮ ಕೇಳಿ ಕೇಳಿ ಸಾಕಾಗಿ ಹೋಗೈತಿ," ಎಂದೆ. ಆಚೆಗೆ ಕೇಳಲೆಂದೇ ಗಟ್ಟಿಯಾಗಿ ಎಂದೆ.

ಕೆಲಸ ಮುಗಿಯಿತು. ಬೆಳ್ಳಗೆ, ನುಣ್ಣಗೆ, ಆಹಾ! ಅಂಗಾತ ಮಲಗಿ ನೋಡಿದ್ದೇ ನೋಡಿದ್ದು. ಮರುದಿನ ಬೆಳಿಗ್ಗೆ ಬಿಸಿಲು ಮುಖಕ್ಕೆ ಬಡಿದ ಮೇಲೇ ಎಚ್ಚರವಾಯಿತು. ಎಂಥ ನಿಶ್ಶಬ್ದ! ನಳದ ನೀರು ಬಂದು ಹೋದದ್ದೂ ತಿಳಿಯಲಿಲ್ಲ. ಹೆಂಡತಿ ಖಾಲಿ ಕೊಡವನ್ನು ನನ್ನ ಮುಂದೆ ಕುಕ್ಕಿ ಒಳಗೆ ಹೋದಳು. ಇರಲಿ, ಅಂದದ ಮನೆಗೆ ಒಂದೆರಡು ಕೊಡ ನೀರು ಕಡಿಮೆಯಾದರೇನು ಎಂದುಕೊಂಡೆ. ಅದರ ಮರುದಿನವೂ ಆಚೆಯಿಂದ ಸದ್ದಿಲ್ಲ. ಚಹಾ ಹಿಡಿದು ಕೂತವನಿಗೆ, ಹಿಂದಿನ ವಾರ ಅಣ್ಣ ವೈನಿಗೆ "ಯಾಕೋ ಎದಿ ಹಿಡದಂಗ ಆಗತೈತಿ" ಎಂದದ್ದು ನೆನಪಾಯಿತು. ಅದನ್ನು ಅವನು ಮೆಲ್ಲಗೆ ಹೇಳಿದ್ದ, ಎಂದರೆ ನನಗಾಗಿ ಹೇಳಿದ್ದಲ್ಲ. ಚಹಾ ಅಲ್ಲೇ ಬಿಟ್ಟೆ. ಚಪ್ಪಲಿ ಕೂಡ ಮೆಟ್ಟದೆ ಓಡಿ ಅವನ ಬಾಗಿಲು ದೂಡಿದೆ.

ಅಣ್ಣ ಬಸಿಯಲ್ಲಿ ಚಹಾ ಹೀರುತ್ತ ಕೂತಿದ್ದ.

"ಯಾಕ ಕೆಮ್ಮಲಿಲ್ಲ?" ಎಂದೆ. ಇಷ್ಟು ವರ್ಷಗಳ ಮೇಲೆ ಅವನೆದುರು ನಿಂತು ಆಡಿದ ಮೊದಲ ಮಾತು ಅದು.

"ಕೆಮ್ಮೇನಲ್ಲೋ! ನೀ ಬೋರ್ಡ್ ಹೊಡಿಸಿದಾಗಿಂದ ನಿನಗ ಕೇಳಸಲಿ ಅಂತ ಜಾಸ್ತೀನ ಕೆಮ್ಮಾಕತ್ತೇನಿ. ಗಂಟಲ ಹರದ ಹೋಗೈತಿ." ಬಸಿ ಕೆಳಗಿಟ್ಟ. "ನೀ ಬೈಯೂದು ಕೇಳಸಲಿಲ್ಲ. ನನಗೂ ಗಾಬರಿ ಆಗಿತ್ತು. ಕುಂದ್ರು."

ಕೂತೆ. ಅಳು ಬಂತು, ಸುಳ್ಳೇಕೆ ಹೇಳಲಿ. ವೈನಿ ನನಗೂ ಒಂದು ಕಪ್ ಚಹಾ ತಂದಿಟ್ಟರು.

ಸಂದಿಯ ಬೋರ್ಡು ತೆಗೆಸೆಂದು ಹೆಂಡತಿ ಈಗಲೂ ಹೇಳುತ್ತಾಳೆ. ತೆಗೆಸುವುದಿಲ್ಲ, ಹೊಡೆಸಿದ್ದು ನಾನು. ದಿನಾ ಬೆಳಿಗ್ಗೆ ನಾನೇ ಹೋಗಿ ಅವನ ಕೆಮ್ಮು ಕೇಳಿ ಬರುತ್ತೇನೆ. ಅವನೋ ಒಮ್ಮೆ ನಮ್ಮ ಮನೆಗೆ ಬಂದು ಬೋರ್ಡು ನೋಡಿ ಹೋದವನು, ಅದು ಎಲ್ಲೆಲ್ಲಿ ಸೊಟ್ಟ, ಎಲ್ಲೆಲ್ಲಿ ತಗ್ಗು ಎಂದು ದಿನಕ್ಕೊಂದು ಹೊಸ ದೋಷ ತೆಗೆಯುತ್ತಾನೆ. ಗೋಡೆಯ ಆಚೆಯಿಂದ ಅಂದಿದ್ದರೆ ಕೇಳಿಸದವನಂತೆ ಇರಬಹುದಿತ್ತು. ಈಗ ಅವನೆದುರೇ ಕೂತು, ವೈನಿಯ ಚಹಾ ಕುಡಿಯುತ್ತ, ಹೌದು ಹೌದು ಎನ್ನಬೇಕು.