ಪ್ರಮಾಣವಚನವೂ ಒಂದು ಚಪ್ಪಡಿಯೂ

ಟೀವಿಯಲ್ಲಿ ಯಾರಾದರೂ ಪ್ರಮಾಣವಚನ ಸ್ವೀಕರಿಸುತ್ತಿದ್ದರೆ, ಸೋಫಾದಲ್ಲಿ ಒರಗಿ ಕೂತಿದ್ದ ನಾನು ಎದ್ದು ನೆಟ್ಟಗೆ ಕೂರುತ್ತೇನೆ. ಇದು ನನ್ನ ಹಳೆಯ ದುರಭ್ಯಾಸ. ಉಳಿದ ಮನೆಗಳಲ್ಲಿ ಜನ ಯಾರಿಗೆ ಯಾವ ಖಾತೆ ಸಿಕ್ಕಿತು, ಯಾರು ಯಾರ ಕಾಲಿಗೆ ಬಿದ್ದರು ಎಂದೆಲ್ಲ ನೋಡುತ್ತಾರಂತೆ. ನಾನು ಅವರು ಓದುವ ಮಾತುಗಳನ್ನು ಮಾತ್ರ ಕಿವಿಗೊಟ್ಟು ಕೇಳುತ್ತೇನೆ. ಸಂವಿಧಾನಕ್ಕೆ ನಿಷ್ಠೆ ಎಂದಾಗ ತಲೆಯಾಡಿಸುತ್ತೇನೆ. ಅವಸರದಲ್ಲಿ ಯಾರಾದರೂ ಒಂದು ಪದ ನುಂಗಿಬಿಟ್ಟರೆ, "ಹಾಂ, ಎಲ್ಲಿಗೆ ಓಟ? ಇನ್ನೊಂದ್ಸಲ ಓದಿ" ಎಂದು ಟೀವಿಯನ್ನೇ ಗದರುತ್ತೇನೆ. ನನ್ನ ಹೆಂಡತಿ ವಿಶಾಲು ಬೀನ್ಸ್ ನಾರು ತೆಗೆಯುತ್ತ, "ರೀ, ಅದು ನಿಮ್ ಫ್ಯಾಕ್ಟರಿ ಅಲ್ಲ, ಅವ್ರಿಗೆ ಕೇಳ್ಸೋದೂ ಇಲ್ಲ" ಎಂದು ನೆನಪಿಸುತ್ತಾಳೆ.

ಅವಳು ಫ್ಯಾಕ್ಟರಿಯ ಮಾತು ಎತ್ತುವುದಕ್ಕೆ ಕಾರಣವಿದೆ. ನಾನು ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಅಲ್ಲಿ ನಮ್ಮಂಥ ಒಬ್ಬೊಬ್ಬರಿಗೂ ಉಗುರಿನಷ್ಟಗಲದ ಒಂದು ಮೊಹರು ಕೊಡುತ್ತಿದ್ದರು. ಅದರಲ್ಲಿ ನಮ್ಮ ನಂಬರು. ಒಂದು ಭಾಗವನ್ನು ಅಳೆದು, ತಟ್ಟಿ, ಬೆಳಕಿಗೆ ಹಿಡಿದು ನೋಡಿ, ಸರಿಯಿದೆ ಎನಿಸಿದರೆ ಮೊಹರು ಒತ್ತಬೇಕು. ಒತ್ತಿದ ಮೇಲೆ ಮುಗಿಯಿತು. ಎಷ್ಟು ವರ್ಷ ಕಳೆದ ಮೇಲೆ ಅದು ಬಿರುಕು ಬಿಟ್ಟರೂ ಮೊದಲು ಮೊಹರು ಯಾರದೆಂದು ಹುಡುಕುತ್ತಾರೆ. ಮೊಹರನ್ನು ಮನೆಗೆ ಒಯ್ಯುವಂತಿಲ್ಲ, ಪಕ್ಕದವನಿಗೆ ಎರವಲು ಕೊಡುವಂತಿಲ್ಲ, ಸಾಹೇಬರು ಹೇಳಿದರೆಂದು ಒತ್ತುವಂತಿಲ್ಲ. ಈಗಲೂ ತಲೆಯ ಮೇಲೆ ವಿಮಾನ ಹಾದು ಹೋದರೆ ಅದರ ಸದ್ದು ಪೂರ್ತಿ ದೂರವಾಗುವವರೆಗೆ ನಾನು ಕಾಫಿ ಲೋಟ ಕೆಳಗಿಡುವುದಿಲ್ಲ. ಪ್ರಮಾಣವಚನ ಎಂದರೆ ನನ್ನ ಲೆಕ್ಕದಲ್ಲಿ ಅಂಥದ್ದೇ ಒಂದು ಮೊಹರು. ಒತ್ತಿದವರನ್ನು ಆಮೇಲೆ ಕೇಳಬೇಕು. ಆದರೆ ಯಾರೂ ಕೇಳುವುದಿಲ್ಲ ಎಂಬುದು ನನ್ನ ಬಹುದಿನದ ಹೊಟ್ಟೆಯುರಿ.

ನಿವೃತ್ತಿಯ ದಿನ ಮೊಹರು ವಾಪಸ್ ಕೊಟ್ಟೆನೇ ಹೊರತು ಇನ್‌ಸ್ಪೆಕ್ಷನ್ ಬಿಡಲಿಲ್ಲ. ಗ್ಯಾಸ್ ಸಿಲಿಂಡರು, ತೆಂಗಿನಕಾಯಿ, ಸೊಸೆ ಕಳಿಸಿದ ಪಾಯಸ ಎಲ್ಲದರ ಮೇಲೂ ನನ್ನ ಗಮನ ಹರಿಯತೊಡಗಿತು. ಒಂದು ದಿನ ಚಪಾತಿಯನ್ನು ಬೆಳಕಿಗೆ ಹಿಡಿದು ನೋಡಿದ್ದಕ್ಕೆ ವಿಶಾಲು ಲಟ್ಟಣಿಗೆಯನ್ನೇ ನನ್ನ ಕೈಗೆ ಕೊಟ್ಟು ಹೊರಟುಹೋದಳು. ಅಂದಿನಿಂದ ಮನೆಯೊಳಗಿನ ತಪಾಸಣೆ ನಿಲ್ಲಿಸಿ ಹೊರಗಿನದಕ್ಕೆ ಕೈ ಹಾಕಿದೆ. ಪಾರ್ಕಿನ ಬೆಂಚಿನಲ್ಲಿ ಗೆಳೆಯರ ನಡುವೆ ಕೂತು, "ಅಲ್ಲ ಗುರು, ವಚನ ತಗೊಂಡ್ರಲ್ಲ, ಆ ವಚನ ಎಲ್ಲಿ ಹೋಯ್ತು ಅಂತ ಯಾರಾದ್ರೂ ಕೇಳಿದ್ದೀರಾ?" ಎಂದು ಕೇಳುವುದು ನನ್ನ ದಿನಚರಿಯಾಯಿತು. ಗೆಳೆಯ ನಾಗರಾಜ ಒಂದು ದಿನ ಬೇಸತ್ತು, "ನೀನೇ ಹೋಗಿ ಕೇಳು ಮಾರಾಯ. ನಮ್ ಶಾಸಕರ ಪಿಎ ನನ್ನ ಅಕ್ಕನ ಮಗ, ಕಿರಣ. ಹೇಳಿಡ್ತೀನಿ" ಎಂದ. ಹೀಗೆ ಹೇಳಿದರೆ ನಾನು ಸುಮ್ಮನಾಗುತ್ತೇನೆಂದು ಅವನ ಎಣಿಕೆ ಇದ್ದಿರಬೇಕು.

ಕೇಳುವುದಕ್ಕೆ ವಿಷಯವಂತೂ ಇತ್ತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ನಮ್ಮ ಅಡ್ಡರಸ್ತೆಯ ಮೋರಿ ಮೇಲಿನ ಚಪ್ಪಡಿಗಳು ಅಲ್ಲಲ್ಲಿ ಒಡೆದುಹೋಗಿವೆ. ನಮ್ಮ ಗೇಟಿನ ಮುಂದೆಯೂ ಒಡೆದಿದೆ, ಎರಡು ಹಲಗೆ ಹಾಕಿಕೊಂಡು ಓಡಾಡುತ್ತೇವೆ. ಆದರೆ ಬೀದಿಯ ಕೊನೆಯಲ್ಲಿ ಬಾಡಿಗೆ ಕೋಣೆಯಲ್ಲಿರುವ ಶರಣಮ್ಮನದು ನಿಜವಾದ ಕಷ್ಟ. ಕಲಬುರಗಿ ಕಡೆಯಿಂದ ಬಂದು, ಜೋಳದ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುವ ಹೆಂಗಸು. ಅವಳ ಅತ್ತೆಗೆ ಕಣ್ಣು ಮಂಜು. ಹೋದ ಮಳೆಗಾಲದಲ್ಲಿ ಆ ಅಜ್ಜಿ ಹೊಸ್ತಿಲು ದಾಟಿ ಕಾಲಿಟ್ಟಿದ್ದು ಸೀದಾ ಮೋರಿಯೊಳಗೆ. ಪಾದ ಉಳುಕಿ ತಿಂಗಳುಗಟ್ಟಲೆ ನರಳಿತು. ಅಂದಿನಿಂದ ಶರಣಮ್ಮ ಅಜ್ಜಿಯನ್ನು ಹೊರಗೆ ಬಿಡುವುದಿಲ್ಲ. ಮೊದಲು ಬಾಗಿಲಲ್ಲಿ ಕೂತು ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ದನಿಯಿಂದಲೇ ಗುರುತಿಸಿ ಮಾತಾಡಿಸುತ್ತಿದ್ದ ಅಜ್ಜಿ ಈಗ ಇಡೀ ದಿನ ಒಲೆಯ ಹೊಗೆಯಲ್ಲಿ ಒಳಗೇ ಕೂತಿರುತ್ತದೆ. ರೊಟ್ಟಿ ತರಲು ಹೋದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಶಾಸಕರ ಕಚೇರಿಯಲ್ಲಿ ಜನರ ಅಹವಾಲು ಕೇಳುತ್ತಾರೆ. ನಾನು "ಭಯವಾಗಲಿ ಪಕ್ಷಪಾತವಾಗಲಿ, ರಾಗವಾಗಲಿ ದ್ವೇಷವಾಗಲಿ ಇಲ್ಲದೆ" ಎಂಬ ಪ್ರಮಾಣವಚನದ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ. ಅಲ್ಲಿ ವರಾಂಡದ ತುಂಬ ಜನ. ಕನ್ನಡ, ತಮಿಳು, ಉರ್ದು ಮೂರರಲ್ಲೂ ಗೊಣಗಾಟ ನಡೆದಿತ್ತು. ನೋಡಿದರೆ ಶರಣಮ್ಮನೂ ಟೋಕನ್ ಹಿಡಿದು ನಿಂತಿದ್ದಾಳೆ. ಬೆಳಗಾಗುವ ಮೊದಲೇ ಬಂದು ತನ್ನ ಹೆಸರು ಬರೆಸಿದ್ದಳಂತೆ. ನನಗೆ ಉತ್ಸಾಹ ಉಕ್ಕಿತು. "ಟೋಕನ್ ಯಾಕಮ್ಮ, ನಾನಿದ್ದೀನಲ್ಲ. ನೀವು ಹೋಗಿ ರೊಟ್ಟಿ ನೋಡ್ಕೊಳ್ಳಿ, ನಿಮ್ಮ ಕಲ್ಲಿನ ವಿಷಯ ನಾನ್ ಮಾತಾಡ್ತೀನಿ" ಎಂದೆ. "ಖರೇನ ಮಾತಾಡ್ತೀರೇನ್ರಿ ಸರ್ರ?" ಎಂದು ನನ್ನ ಮುಖ ನೋಡಿದಳು. ಆಮೇಲೆ ಟೋಕನ್ನನ್ನು ಹಿಂದೆ ನಿಂತಿದ್ದ ಮುದುಕರೊಬ್ಬರ ಕೈಗೆ ಕೊಟ್ಟು ಹೊರಟುಹೋದಳು. ಕಿರಣ ಪಕ್ಕದ ಬಾಗಿಲಿನಿಂದ ಇಣುಕಿ, "ಅಂಕಲ್, ಈ ಕಡೆಯಿಂದ ಬನ್ನಿ" ಎಂದು ಕರೆದ. ನಿಂತಿದ್ದವರನ್ನೆಲ್ಲ ದಾಟಿಕೊಂಡು ಒಳಗೆ ಹೋದೆ.

ಶಾಸಕರು ಹವಾಯಿ ಚಪ್ಪಲಿಯಲ್ಲಿ ಕೂತು ಬಾರ್ಲಿ ನೀರು ಕುಡಿಯುತ್ತಿದ್ದರು. ಟೀವಿಯಲ್ಲಿ ಕಂಡಷ್ಟು ದಪ್ಪವೂ ಇರಲಿಲ್ಲ, ಅಷ್ಟು ಧೈರ್ಯವಂತರಾಗಿಯೂ ಕಾಣಲಿಲ್ಲ. ನಿದ್ದೆಗೆಟ್ಟ ಕಣ್ಣು. ನಾನು ಪೀಠಿಕೆ ಹಾಕದೆ ಲ್ಯಾಮಿನೇಟ್ ಮಾಡಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟು, "ಇದನ್ನ ಒಂದ್ಸಲ ಓದ್ತೀರಾ?" ಎಂದೆ. ಅವರು ಕನ್ನಡಕ ಹಾಕಿಕೊಂಡು ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದರು.

"ಚೆನ್ನಾಗಿದೆ ಸಾರ್. ಆದ್ರೆ ಇದು ಮಂತ್ರಿಗಳು ಓದೋದು. ನಾನು ಬರೀ ಶಾಸಕ. ಇದನ್ನ ಓದೋ ಯೋಗ ನಮಗಿನ್ನೂ ಬಂದಿಲ್ಲ" ಎಂದರು.

ಕಿರಣನಿಗೆ ಕೆಮ್ಮು ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಡೀ ಆಯುಷ್ಯ ಇನ್‌ಸ್ಪೆಕ್ಟರ್ ಆಗಿದ್ದವನು ಒಂದು ಭಾಗದ ಡ್ರಾಯಿಂಗ್ ಹಿಡಿದು ಇನ್ನೊಂದು ಭಾಗವನ್ನು ಅಳೆಯಲು ಬಂದಿದ್ದೆ. ಕಾರ್ಖಾನೆಯಲ್ಲಾಗಿದ್ದರೆ ನನಗೆ ಮೆಮೋ ಬರುತ್ತಿತ್ತು.

"ನಮ್ಮದರಲ್ಲಿ ಇಷ್ಟೊಂದು ಇಲ್ಲ ಸಾರ್. ಸಂವಿಧಾನಕ್ಕೆ ನಿಷ್ಠೆಯಿಂದ ಇರ್ತೀನಿ, ದೇಶದ ಅಖಂಡತೆ ಕಾಪಾಡ್ತೀನಿ, ವಹಿಸ್ಕೊಂಡ ಕೆಲಸ ಶ್ರದ್ಧೆಯಿಂದ ಮಾಡ್ತೀನಿ ಅಂತ ಅಷ್ಟೇ. ಹಾಗಂತ ಪಕ್ಷಪಾತ ಮಾಡ್ಬಹುದು ಅಂತಲ್ಲ, ಅದು ನಂಗೂ ಗೊತ್ತು" ಎಂದು ಅವರು ಹಾಳೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. "ಅಂದ್ ಹಾಗೆ, ನಿಮ್ ಟೋಕನ್ ನಂಬರ್ ಎಷ್ಟು ಸಾರ್?"

ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಶರಣಮ್ಮನ ಟೋಕನ್ ಹಿಡಿದ ಮುದುಕರು ಕಂಬಕ್ಕೆ ಒರಗಿ ನಿಂತಿದ್ದರು. ಶಾಸಕರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಕಷ್ಟ. "ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ಎದ್ದಾಗಿಂದ ಆ ಪಕ್ಕದ ಬಾಗಿಲಲ್ಲಿ ಬರೋರೆಲ್ಲ ಯಾರದೋ ಕಡೆಯವರೇ. ಬರಬೇಡಿ ಅಂದ್ರೆ ನಮ್ಮವನು ದೊಡ್ಡ ಮನುಷ್ಯ ಆಗ್ಬಿಟ್ಟ ಅಂತಾರೆ. ನನ್ ಪ್ರಮಾಣವಚನ ಆ ಬಾಗಿಲ ಹತ್ರಾನೇ ಅರ್ಧ ಸವೆದುಹೋಗುತ್ತೆ." ನಾನು ತೊದಲುತ್ತ ಬೀದಿ, ಮೋರಿ, ಅಜ್ಜಿ ಎಂದು ಹೇಗೋ ವಿಷಯ ತಿಳಿಸಿದೆ. ಅವರು ಕೇಳಿಸಿಕೊಂಡು, "ಕಿರಣ, ಸಾರ್ ಬೀದೀಲಿ ಒಂದು ಚಪ್ಪಡಿಯಂತೆ, ನೋಡ್ಕೋಪ್ಪ" ಎಂದರು. ನಾನು ಬಂದ ಬಾಗಿಲಿನಿಂದ ಹೋಗಲು ನಾಚಿಕೆಯಾಗಿ ಮುಂಬಾಗಿಲಿನಿಂದ ಹೊರಟೆ. ಅಲ್ಲಿ ನಿಂತಿದ್ದವರೆಲ್ಲ ನನ್ನನ್ನೇ ನೋಡಿದರು.

ಕೆಲವು ದಿನಗಳ ನಂತರ ಕಗ್ಗದಾಸಪುರದ ಕೆರೆ ಕಡೆ ವಾಕಿಂಗ್ ಮುಗಿಸಿ ಬಂದರೆ ಚಪ್ಪಡಿ ಬಂದಿತ್ತು. ಆದರೆ ನಮ್ಮ ಗೇಟಿನ ಮುಂದೆ. ಅಚ್ಚುಕಟ್ಟಾಗಿ ಕೂರಿಸಿದ್ದರು. ವಿಶಾಲು ಆಗಲೇ ಅದನ್ನು ತೊಳೆದು ರಂಗೋಲಿ ಹಾಕಿ, ಸ್ಕೂಟರ್ ದಾಟಿಸಿ ನೋಡಿಯೂ ಆಗಿತ್ತು. ಹಲಗೆ ಅಲ್ಲಾಡಿದಾಗಲೆಲ್ಲ ಇಷ್ಟು ವರ್ಷ ನನ್ನನ್ನು ಬೈದುಕೊಂಡೇ ದಾಟಿದವಳು ಅವಳು. ನಾನು ಬಗ್ಗಿ ಬೆರಳಿನ ಗೆಣ್ಣಿನಿಂದ ಕಲ್ಲು ತಟ್ಟಿದೆ. ಒಳ್ಳೆಯ ನಾದ, ಎಲ್ಲೂ ಬಿರುಕಿಲ್ಲ. "ಇದು ಶರಣಮ್ಮನಿಗೆ ಬರಬೇಕಾದದ್ದು ಕಣೇ" ಎಂದೆ.

"ಅವ್ರಿಗೂ ಬರುತ್ತೆ ಬಿಡಿ" ಎಂದಳು ವಿಶಾಲು. "ನಾವೇನು ಕದ್ದಿದ್ದೀವಾ, ಅವ್ರಾಗೇ ತಂದು ಹಾಕಿದ್ದು. ನೀವೇನು ಪ್ರಮಾಣವಚನ ತಗೊಂಡಿಲ್ವಲ್ಲ, ಯಾಕೆ ತಲೆ ಕೆಡಿಸ್ಕೊಳ್ತೀರ?"

ಈ ವಾದ ನನಗೆ ಬಹಳ ಹಿಡಿಸಿತು. ಹೌದಲ್ಲ, ಮೊಹರು ಒತ್ತಿದವರು ಅವರು, ನಾನು ಬರೀ ನಾಗರಿಕ. ಕುರ್ಚಿ ತರಿಸಿ ಚಪ್ಪಡಿಯ ಪಕ್ಕದಲ್ಲೇ ಹಾಕಿಕೊಂಡು ಕಾಫಿ ಕುಡಿದೆ. ನಾಳೆ ಕಿರಣನಿಗೆ ಫೋನ್ ಮಾಡಿ ಇನ್ನೊಂದು ಕಲ್ಲಿಗೆ ಹೇಳಿದರಾಯಿತು ಎಂದುಕೊಂಡೆ. ನಾಡಿದ್ದಾದರೂ ಆದೀತು ಎಂದೂ ಅನಿಸಿತು.

ಕಾಫಿ ಮುಗಿಯುವಷ್ಟರಲ್ಲಿ ಕಿರಣ ಬೈಕಿನಲ್ಲಿ ಬಂದ. ಕೆಲಸವಾದ ಮೇಲೆ ಫಲಾನುಭವಿಯ ಫೋಟೋ ಕಳಿಸಬೇಕಂತೆ, ಟೋಕನ್ ಪುಸ್ತಕದಲ್ಲಿ ಆ ದಿನ ನಮ್ಮ ಬೀದಿಯಿಂದ ಬರೆಸಿದ್ದ ಹೆಸರು ಶರಣಮ್ಮನದೊಂದೇ. ಹಾಗಾಗಿ ಅವಳನ್ನೇ ಕರೆಸಿಬಿಟ್ಟ. ಕೈಗೆ ಅಂಟಿದ ಜೋಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ರಂಗೋಲಿ ನೋಡಿ ಚಪ್ಪಲಿ ಕಳಚಿಟ್ಟು, ಅದು ಕೆಡದ ಹಾಗೆ ಚಪ್ಪಡಿಯ ಒಂದು ಮೂಲೆಯಲ್ಲಿ ಕಾಲು ಕೂಡಿಸಿ ನಿಂತಳು. ಕಿರಣ ನನ್ನನ್ನು ಅವಳ ಪಕ್ಕದಲ್ಲಿ ನಿಲ್ಲಿಸಿದ. ನಾನೂ ನಿಂತೆ, ಅಂಗಿಯ ಗುಂಡಿಯನ್ನೂ ಸರಿಮಾಡಿಕೊಂಡೆ.

"ಸರ್ರ" ಎಂದು ಅವಳು ಮೆಲ್ಲಗೆ ಕೇಳಿದಳು, "ಕಲ್ಲು ತಂದಾರಂತ ನಮ್ಮತ್ತಿ ಕಿವಿಗೆ ಬಿದ್ದದರಿ. ಹೊರಗ ಬಂದು ಕುಂದರಲೇನು ಅಂತ ಮುಂಜಾನಿಂದ ಕೇಳಾಕತ್ಯಾರ. ಏನಂತ ಹೇಳ್ಲಿ?"

"ಅಂಕಲ್, ಸ್ವಲ್ಪ ನಗಿ" ಎಂದ ಕಿರಣ.

ನಗು ಬರಲಿಲ್ಲ. ಅವಳನ್ನು ಸಾಲಿನಿಂದ ಬಿಡಿಸಿ ಮನೆಗೆ ಕಳಿಸಿದವನು ನಾನು. "ಇದನ್ನ ತೆಗಿಯಪ್ಪ" ಎಂದೆ. "ತೆಗೀತಾ ಇದ್ದೀನಿ ಅಂಕಲ್, ನೀವು ನಗಿ." "ಫೋಟೋ ಅಲ್ಲ, ಚಪ್ಪಡಿ."

ಕಿರಣ ಮೊಬೈಲ್ ಕೆಳಗಿಳಿಸಿ ನನ್ನನ್ನೇ ನೋಡಿದ. "ಅಂಕಲ್, ನಾನ್ ನಿಮ್ಮನೇದೇ ಅಂದ್ಕೊಂಡೆ. ಪಕ್ಕದ ಮನೆಯವ್ರಿಗೆ ಬೇಕು ಅಂತ ಬರೋರೆಲ್ಲ ತಮ್ಮನೆಗೇ ಕೇಳೋದು. ಬಾಯಿ ಬಿಟ್ಟು ಹೇಳೋಕೆ ಮರ್ಯಾದೆ, ಅದಕ್ಕೇ ಹಂಗಂತಾರೆ. ನಾವೇ ಅರ್ಥ ಮಾಡ್ಕೋಬೇಕು." "ಹಾಗಾದ್ರೆ ಶಾಸಕರಿಗೇ ಹೇಳ್ತೀನಿ" ಎಂದೆ. ಅವನು ಶಾಸಕರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ನಾನು ಎಲ್ಲ ಹೇಳಿದೆ. "ಸಾರ್, ನಮ್ ಹತ್ರ ಇದುವರೆಗೆ ಯಾರೂ ವಾಪಸ್ ಕೊಟ್ಟಿಲ್ಲ" ಎಂದರು. "ವಾಪಸ್ ತಗೊಳ್ಳೋದು ಹೆಂಗೆ ಅಂತ ನಮ್ ಹುಡುಗ್ರಿಗೂ ಗೊತ್ತಿರಲ್ಲ. ಇರಲಿ, ಎತ್ತಿಸ್ತೀನಿ. ಅವತ್ತು ನಾನೇ ವಿಳಾಸ ಸರಿಯಾಗಿ ಬರೆಸ್ಕೋಬೇಕಿತ್ತು, ತಪ್ಪು ನನ್ನದೂ ಇದೆ." ಕೊಟ್ಟ ಮಾತಿಗೆ ಸರಿಯಾಗಿ ಸಂಜೆ ಆಳುಗಳು ಬಂದರು. ಚಪ್ಪಡಿಯ ಜೊತೆ ವಿಶಾಲುವಿನ ರಂಗೋಲಿಯೂ ಬೀದಿಯ ಕೊನೆಗೆ ಹೋಯಿತು.

ಈಗ ಅಜ್ಜಿ ಬಾಗಿಲ ಮುಂದೆ ಚಪ್ಪಡಿಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತದೆ. ನನ್ನ ಚಪ್ಪಲಿಯ ಸದ್ದು ಕೇಳಿ, "ಸರ್ರು ಬಂದ್ರೇನು?" ಎನ್ನುತ್ತದೆ. ನನಗೆ ಅದೆಷ್ಟು ಖುಷಿಯಾಗುತ್ತದೆಂದು ಹೇಳಲಾರೆ. ಶಾಸಕರ ಮೇಲಿದ್ದ ನನ್ನ ಸಿಟ್ಟೂ ಸ್ವಲ್ಪ ಇಳಿದಿದೆ. ನನಗಿದ್ದದ್ದು ಒಂದು ಚಪ್ಪಡಿ, ಒಬ್ಬಳು ಹೆಂಡತಿ, ಒಬ್ಬಳು ಶರಣಮ್ಮ. ಅಷ್ಟಕ್ಕೇ ನಾನು ಒಂದು ಲೋಟ ಕಾಫಿ ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಅವರ ಪಕ್ಕದ ಬಾಗಿಲಿನಲ್ಲಿ ದಿನವೂ ನನ್ನಂಥವರು ನುಗ್ಗುತ್ತಾರೆ. ಹಾಗೆಂದು ಕೇಳುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಓದಿ ಹೇಳಿದ ಮಾತಿಗೆ ಅವರು ಉತ್ತರ ಕೊಡಲೇಬೇಕು. ನಾನು ಮಾತ್ರ ಇನ್ನು ಮುಂದೆ ಟೋಕನ್ ತಗೊಂಡು ಕೇಳಬೇಕು, ಅಷ್ಟೇ.

ಮನೆಯಲ್ಲಿ ಪರಿಸ್ಥಿತಿ ಇನ್ನೂ ತಿಳಿಯಾಗಿಲ್ಲ. ಹಲಗೆಗಳು ಮತ್ತೆ ಬಂದಿವೆ. ವಿಶಾಲು ಆ ಲ್ಯಾಮಿನೇಟ್ ಹಾಳೆಯನ್ನು ಗೇಟಿಗೆ ಒಳಗಡೆಯಿಂದ ಕಟ್ಟಿದ್ದಾಳೆ. ನಾನು ಹೊರಟಾಗಲೆಲ್ಲ, "ಭಯ ಇಲ್ಲದೆ ದಾಟಿ" ಎನ್ನುತ್ತಾಳೆ.

ಈ ಸೋಮವಾರ ಬೆಳಿಗ್ಗೆ ಶರಣಮ್ಮ ನಮ್ಮ ಗೇಟಿನ ಹತ್ತಿರ ಬಂದು ನಿಂತಳು. ಒಗೆದ ಸೀರೆ, ಕೈಯಲ್ಲಿ ಟೋಕನ್. ಆಗಲೇ ಹೋಗಿ ತಂದಿದ್ದಳು. "ನಿಮ್ಮ ಮನಿ ಕಲ್ಲಿನ ಸಲುವಾಗಿ ಹೊಂಟೀನ್ರಿ ಸರ್ರ" ಎಂದಳು. "ತಡೀರಮ್ಮ, ನಾನೂ ಬರ್ತೀನಿ" ಎಂದು ಒಳಗೋಡಿ ಅಂಗಿ ತೊಟ್ಟು, ಹೊಸದಾಗಿ ಅಚ್ಚು ಹಾಕಿಸಿದ್ದ ಹಾಳೆ ಎತ್ತಿಕೊಂಡು ಬಂದೆ. ಈ ಸಲ ಶಾಸಕರದೇ ಪ್ರಮಾಣವಚನ, ಎರಡೆರಡು ಬಾರಿ ತಾಳೆ ನೋಡಿದ್ದೆ.

ಅವಳು ಹಾಳೆಯನ್ನೂ ನನ್ನನ್ನೂ ನೋಡಿದಳು. "ಬರ್ರಿ, ಬ್ಯಾಡ ಅನ್ನಂಗಿಲ್ಲ" ಎಂದಳು. "ಆದ್ರ ಒಳಗ ಹೋದ ಮ್ಯಾಲ ನೀವು ಸುಮ್ಮ ಕುಂದರ್ರಿ. ಮಾತು ನಾ ಆಡ್ತೀನಿ."

ಅಡುಗೆಮನೆಯ ಕಿಟಕಿಯಲ್ಲಿ ವಿಶಾಲು ಬಹಳ ದಿನಗಳ ಮೇಲೆ ನಕ್ಕಿದ್ದು ಕೇಳಿಸಿತು. ನಾನು ಹಾಳೆಯನ್ನು ಗೇಟಿಗೇ ಸಿಕ್ಕಿಸಿ, ಹಲಗೆ ದಾಟಿ, ಶರಣಮ್ಮನ ಹಿಂದೆ ಹೊರಟೆ.